ಇನ್ನೂ ಸ್ವಲ್ಪ ಹತ್ತಿರ

'ಇನ್ನೂ ಸ್ವಲ್ಪ ಹತ್ತಿರ ಹೋಗೋ ಮಾರಾಯ!'

ಅಟ್ಲಾಂಟಿಕ್ ಸಾಗರದಲ್ಲಿ, ಜನ ತುಂಬಿದ ಬೋಟೊಂದರ ಅಂಚಿನ ಕಂಬಿ ಹಿಡಿದು ನಿಂತು ನಾನು ಅಚ್ಚ ಕನ್ನಡದಲ್ಲಿ ಹೀಗೆ ಕೂಗಿದ್ದು ಆ ಬೋಟಿನ ಕ್ಯಾಪ್ಟನ್ನನಿಗೆ. ಅವನಿಗೆ ಅರ್ಥವಾಗುವ ಸಂಭವವೇ ಇರಲಿಲ್ಲ. ಅರ್ಥವಾಗಿದ್ದರೂ ಅವನು ಕೇಳುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಾನು ಕೂಗಿದ ಮರುಗಳಿಗೆಯಲ್ಲೇ ಎಂಜಿನ್ನಿನ ಸದ್ದು ಇಳಿದು, ಬೋಟು ನಿಂತಲ್ಲೇ ತೂಗಾಡತೊಡಗಿತು. ನಮ್ಮೂರ ಹೈಸ್ಕೂಲು ಮೈದಾನದ ಈ ತುದಿಯಿಂದ ಆ ತುದಿಗೆ ಎಷ್ಟು ದೂರವೋ ಅದರ ಎರಡರಷ್ಟು ದೂರದಲ್ಲಿ ಕಪ್ಪು ಬೆನ್ನೊಂದು ಎದ್ದು, ಹೊಳೆದು, ಮುಳುಗಿತು. ಅಷ್ಟೆ.

'ಅಜ್ಜ, ಕೂಗಬೇಡ' ಎಂದಳು ಒಂಬತ್ತು ವರ್ಷದ ಮೊಮ್ಮಗಳು. ಮಗ ಏನೂ ಹೇಳಲಿಲ್ಲ. ಸಮುದ್ರದ ಕಡೆಗೇ ನೋಡುತ್ತ ನಿಂತಿದ್ದ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಮಾಸ್ತರನಾಗಿದ್ದವನು. ತಿಮಿಂಗಿಲ ಎಂಬ ಪದದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. 'ತಿಮಿ' ಎಂದರೆ ದೊಡ್ಡ ಮೀನು. ಅದನ್ನು ನುಂಗುವುದು ತಿಮಿಂಗಿಲ. ಆ ತಿಮಿಂಗಿಲವನ್ನೂ ನುಂಗುವಂಥದು ತಿಮಿಂಗಿಲಗಿಲ. ಎಷ್ಟು ತಲೆಮಾರಿನ ಮಕ್ಕಳಿಗೆ ಇದನ್ನು ಹೇಳಿ ನಗಿಸಿದ್ದೇನೋ! ಆದರೆ ಒಂದು ತಿಮಿಂಗಿಲವನ್ನೂ ಕಂಡವನಲ್ಲ. ಹೋದ ಬೇಸಿಗೆಯಲ್ಲಿ ಬಾಸ್ಟನ್ನಿನಲ್ಲಿರುವ ಮಗನ ಮನೆಗೆ ನಾನೂ ನನ್ನ ಹೆಂಡತಿಯೂ ಹೋದಾಗ, 'ಅಪ್ಪ, ಈ ಸಲ ನಿನಗೆ ತಿಮಿಂಗಿಲ ತೋರಿಸ್ತೆ' ಎಂದು ಮಗ ಟಿಕೀಟು ತೆಗೆಸಿದ. ತಲೆಗೆ ಎಪ್ಪತ್ತು ಡಾಲರಿನ ಆಚೀಚೆ. ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿದೆ. ಅಮೆರಿಕಕ್ಕೆ ಹೋದ ನನ್ನ ವಯಸ್ಸಿನವರಿಗೆಲ್ಲ ಇರುವ ಕಾಯಿಲೆ ಅದು. ನಾಲ್ವರಿಗೆ ಇಪ್ಪತ್ತು ಸಾವಿರ ದಾಟಿತು. ಆ ಲೆಕ್ಕ ದಿನವಿಡೀ ನನ್ನ ತಲೆಯಿಂದ ಇಳಿಯಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಕತೆಗೆ ಅದೇ ಮೂಲ.

ಬೋಟು ಹೊರಡುವುದು ಲಾಂಗ್ ವಾರ್ಫ್ ಎಂಬ ಹಳೆಯ ಧಕ್ಕೆಯಿಂದ. ಪಕ್ಕದಲ್ಲೇ ನ್ಯೂ ಇಂಗ್ಲೆಂಡ್ ಅಕ್ವೇರಿಯಂ ಇದೆ. ಜುಲೈ ತಿಂಗಳು, ದಂಡೆಯ ಮೇಲೆ ಬೆವರುವಷ್ಟು ಬಿಸಿಲು. ಆದರೂ ಮಗ ಸ್ವೆಟರು ಹೊರಿಸಿಕೊಂಡು ಬಂದಿದ್ದ. ಬಂದರು ದಾಟಿ ಹೊರಕ್ಕೆ ಬಿದ್ದೊಡನೆ ಸ್ವೆಟರಿನ ಅರ್ಥವಾಯಿತು. ನನ್ನ ಹೆಂಡತಿ ಊರಿನಿಂದ ತಂದಿದ್ದ ಶುಂಠಿ ಚೂರು, ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿಗಳ ಡಬ್ಬಿ ತೆಗೆದು ಕೂತಳು. ಸಮುದ್ರದ ಬದಿಯಲ್ಲೇ ಹುಟ್ಟಿದವಳಾದರೂ ಬೋಟು ಹತ್ತಿದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ನಮ್ಮ ಪಕ್ಕ ಕೂತಿದ್ದ ಬಿಳಿ ಅಜ್ಜಿಯೊಬ್ಬರ ಮುಖ ಹಸಿರಾಗುವುದನ್ನು ಕಂಡು ಅವರಿಗೂ ಎರಡು ನೆಲ್ಲಿಕಾಯಿ ಕೊಟ್ಟಳು. ಭಾಷೆ ಬಾರದೆ ಆದ ಗೆಳೆತನ ಅದು.

ನಾವು ಹೊರಟಿದ್ದು ಸ್ಟೆಲ್‌ವಾಗನ್ ಬ್ಯಾಂಕ್ ಎಂಬ ಜಾಗಕ್ಕೆ. ಬ್ಯಾಂಕ್ ಎಂದರೆ ದುಡ್ಡಿನ ಬ್ಯಾಂಕಲ್ಲ, ಸಮುದ್ರದ ತಳದಲ್ಲಿರುವ ಮರಳಿನ ದಿಬ್ಬ. ಬಾಸ್ಟನ್ನಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ಹಿಮಯುಗದ ನೀರ್ಗಲ್ಲುಗಳು ಕರಗುತ್ತ ಬಿಟ್ಟುಹೋದ ಮರಳು, ಜಲ್ಲಿ ಅದು. ಆಳದ ತಣ್ಣನೆಯ ನೀರು ಈ ದಿಬ್ಬಕ್ಕೆ ಡಿಕ್ಕಿ ಹೊಡೆದು ಮೇಲೆ ಬರುವಾಗ ತಳದ ಸತ್ವವನ್ನೂ ಹೊತ್ತು ತರುತ್ತದೆ. ಆ ಸತ್ವಕ್ಕೆ ಬಿಸಿಲು ತಾಗಿ ಸೂಕ್ಷ್ಮಜೀವಿಗಳು ಹುಲುಸಾಗುತ್ತವೆ, ಅವನ್ನು ತಿನ್ನಲು ಸಣ್ಣ ಮೀನುಗಳು, ಆ ಮೀನುಗಳನ್ನು ತಿನ್ನಲು ತಿಮಿಂಗಿಲಗಳು. 1992ರಲ್ಲಿ ಅಮೆರಿಕದ ಸರಕಾರ ಇದನ್ನು ರಾಷ್ಟ್ರೀಯ ಸಾಗರಧಾಮವೆಂದು ಘೋಷಿಸಿತು. ಇದನ್ನೆಲ್ಲ ಧ್ವನಿವರ್ಧಕದಲ್ಲಿ ವಿವರಿಸುತ್ತಿದ್ದವಳು ಬೋಟಿನಲ್ಲೇ ಇದ್ದ ಒಬ್ಬ ಹುಡುಗಿ. ಜೀವಶಾಸ್ತ್ರ ಓದಿದವಳಂತೆ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ದುರ್ಬೀನು, ಕುತ್ತಿಗೆಯಲ್ಲಿ ಕ್ಯಾಮೆರಾ. ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು.

ತಿಮಿಂಗಿಲ ಕಾಣದಿದ್ದರೆ ಇನ್ನೊಂದು ಸಲ ಪುಕ್ಕಟೆಯಾಗಿ ಕರೆದೊಯ್ಯುತ್ತಾರೆ ಎಂದು ಮಗ ಹೇಳಿದಾಗ ನನ್ನೊಳಗಿನ ಲೆಕ್ಕಿಗ ಸಮಾಧಾನಪಟ್ಟ. ಆದರೆ ಇಲ್ಲಿ ತಿಮಿಂಗಿಲ ಕಂಡಿತ್ತು. ಕಂಡೂ ಹತ್ತಿರ ಹೋಗುತ್ತಿರಲಿಲ್ಲ! ಇದೆಂಥ ವ್ಯವಹಾರ?

ಸುಮಾರು ಎರಡು ಮೈಲಿ ದೂರದಲ್ಲಿ ಮೊದಲ ಉಸಿರಿನ ತುಂತುರು ಕಾಣಿಸಿದಾಗಲೇ ಬೋಟಿನ ವೇಗ ಇಳಿದಿತ್ತು. ಸಮೀಪಿಸಿದಷ್ಟೂ ಇನ್ನಷ್ಟು ಇಳಿಯುತ್ತ ಬಂತು. ಕೊನೆಕೊನೆಗೆ ನಮ್ಮೂರ ಕಡೆ ಹೊಳೆ ದಾಟಿಸುವ ಬಾರ್ಜಿನಂತೆ ಮೆಲ್ಲಗೆ ಸಾಗುತ್ತಿತ್ತು. ಆಮೇಲೆ ಪೂರ್ತಿ ನಿಂತಿತು. ಮುಂದೆ ಆಗಲೇ ಬೇರೊಂದು ಬೋಟಿತ್ತು. 'ಅವರ ಸರದಿ ಮುಗಿಯಲಿ, ಕಾಯೋಣ' ಎಂದು ಹುಡುಗಿ ಮೈಕಿನಲ್ಲಿ ಹೇಳಿದಳು. ಕಾಯುವುದೆಂದರೇನು? ರೇಷನ್ ಅಂಗಡಿಯೇ ಇದು? ಹತ್ತು ನಿಮಿಷ ಕಳೆಯಿತು. ಹದಿನೈದಾಯಿತು. ಆ ಬೋಟಿನವರ ಉದ್ಗಾರ ನಮಗೆ ಕೇಳುತ್ತಿತ್ತು. ನಾನು ಕೂಗಿದ್ದು ಆಗ.

'ಅಪ್ಪ, ಇಲ್ಲಿ ಅದಕ್ಕೊಂದು ಕ್ರಮ ಇದೆ' ಎಂದು ಮಗ ಕೊನೆಗೂ ಬಾಯಿಬಿಟ್ಟು ವಿವರಿಸಿದ. ಎರಡು ಮೈಲಿಯ ಒಳಗೆ ಬಂದರೆ ವೇಗ 13 ನಾಟ್, ಎಂದರೆ ಗಂಟೆಗೆ ಸುಮಾರು 24 ಕಿ.ಮೀ. ಮೀರಬಾರದು. ಒಂದು ಮೈಲಿಯ ಒಳಗೆ 10 ನಾಟ್, ಅರ್ಧ ಮೈಲಿಯ ಒಳಗೆ 7 ನಾಟ್. ತಿಮಿಂಗಿಲದ ಎದುರಿನಿಂದ ನುಗ್ಗಬಾರದು; ಅದು ಹೋಗುವ ದಿಕ್ಕಿನಲ್ಲೇ ಪಕ್ಕದಿಂದ, ಅದರದ್ದೇ ನಡಿಗೆಯಲ್ಲಿ ಸಾಗಬೇಕು. 300 ಅಡಿಯ ಒಳಗೆ ಒಂದು ಸಲಕ್ಕೆ ಒಂದೇ ಬೋಟು. ಉಳಿದ ಎರಡು ಬೋಟುಗಳು 600 ಅಡಿಯ ಒಳಗೆ ಕಾಯಬಹುದು. ಯಾರಾದರೂ ಕಾಯುತ್ತಿದ್ದರೆ ಹತ್ತಿರ ಹೋದವರು ಹದಿನೈದು ನಿಮಿಷದಲ್ಲಿ ಜಾಗ ಬಿಟ್ಟುಕೊಡಬೇಕು. 100 ಅಡಿಗಿಂತ ಹತ್ತಿರಕ್ಕೆ ಬೇಕೆಂದು ಯಾರೂ ಹೋಗುವ ಹಾಗಿಲ್ಲ. ತಿಮಿಂಗಿಲವೇ ಹತ್ತಿರ ಬಂದರೆ? 'ಎಂಜಿನ್ ನ್ಯೂಟ್ರಲ್ಲಿಗೆ ಹಾಕಿ ಸುಮ್ಮನೆ ಕೂರೂದು. ಅದು ಹೋಗುವ ತನಕ.'

'ಅದು ಹೋಗದೇ ಇದ್ರೆ?' ಎಂದೆ.

'ನಾವೂ ಹೋಗೂದಿಲ್ಲ' ಎಂದಳು ಮೊಮ್ಮಗಳು. ಶಾಲೆಯಲ್ಲಿ ಕಲಿತಿದ್ದಳು.

ಅಂತೂ ನಮ್ಮ ಸರದಿ ಬಂತು. ಆ ಬೋಟು ಹಿಂಜರಿದು ತಿರುಗಿತು, ನಮ್ಮದು ಇಷ್ಟಿಷ್ಟೇ ಮುಂದೆ ಸರಿಯಿತು. ಒಂದು ತಾಯಿ, ಒಂದು ಮರಿ. ಹಂಪ್‌ಬ್ಯಾಕ್, ಎಂದರೆ ಗೂನುಬೆನ್ನಿನ ತಿಮಿಂಗಿಲಗಳು. ತಾಯಿ ನಮ್ಮ ಸಾರಿಗೆ ಬಸ್ಸಿಗಿಂತ ಉದ್ದ. ಮರಿಯೇ ಒಂದು ದೊಡ್ಡ ಜೀಪಿಗಿಂತ ಉದ್ದವಿತ್ತು. ಹುಡುಗಿ ಹೇಳಿದಳು: ತಾಯಿ ಈಗ ಮೇಯುತ್ತಿದೆ, ನೋಡಿ. ನೀರಿನ ಮೇಲೆ ಗುಳ್ಳೆಗಳು ಎದ್ದವು. ಮೀನುಗಳ ಹಿಂಡಿನ ಕೆಳಗೆ ಹೋಗಿ, ಗುಳ್ಳೆ ಬಿಡುತ್ತ ಅವನ್ನು ಒಂದೆಡೆ ಒತ್ತರಿಸುತ್ತದಂತೆ. ನಮ್ಮ ಕಡೆಯವರು ಬಲೆ ಬೀಸಿದಂತೆ ಅದು ಗುಳ್ಳೆಯ ಬಲೆ ಬೀಸುತ್ತದೆ. ಗುಳ್ಳೆಗಳ ನಡುವಿನಿಂದ ತೆರೆದ ಬಾಯೊಂದು ಎದ್ದು ಬಂತು. ಬಾವಿಯೊಂದು ನೆಟ್ಟಗೆ ಎದ್ದು ನಿಂತ ಹಾಗೆ. ಬೋಟಿಗೆ ಬೋಟೇ 'ಓ' ಎಂದಿತು. ಬೆರಳುದ್ದದ ಮೀನುಗಳು ಅದರ ಆಹಾರ. 'ತಿಮಿ'ಯನ್ನು ನುಂಗುವ ಮಾತೆಲ್ಲ ನನ್ನ ಪಾಠದಲ್ಲೇ ಉಳಿಯಿತು. ಹಲ್ಲೇ ಇಲ್ಲ ಅದಕ್ಕೆ!

ಆಮೇಲೆ ಮರಿ ನಮ್ಮ ಕಡೆಗೆ ತಿರುಗಿತು. ಎಳೆ ಕರು ಬೇಲಿಯ ಹತ್ತಿರ ಬಂದು ಮೂಸುವ ಹಾಗೆ, ಕುತೂಹಲವೇ ಅದಕ್ಕೆ ಕಾರಣವಿರಬೇಕು. ತಾಯಿ ಅದರ ಹಿಂದೆ ಬಂತು. ಎಂಜಿನ್ನು ನ್ಯೂಟ್ರಲ್ಲಿಗೆ ಹೋಯಿತು. ಅಷ್ಟು ಜನರಿದ್ದ ಬೋಟಿನಲ್ಲಿ ಅಲೆಗಳು ತಟ್ಟುವ ಸದ್ದು ಬಿಟ್ಟು ಬೇರೇನೂ ಇಲ್ಲ. ನೀರಿನಡಿಯಲ್ಲಿ ತಾಯಿಯ ಬಿಳಿಯ ರೆಕ್ಕೆ ತಿಳಿಹಸಿರಾಗಿ ಹೊಳೆಯಿತು. ನನ್ನ ಕೆಳಗೇ, ಮೂವತ್ತು ಅಡಿಯೂ ಇಲ್ಲ, ಬೆನ್ನು ಎದ್ದಿತು. ಭುಸ್ಸೆಂದು ಉಸಿರು ಬಿಟ್ಟಿತು. ಆ ತುಂತುರು ನನ್ನ ಕನ್ನಡಕದ ಮೇಲೆ ಬಿತ್ತು. ಕೊಳೆತ ಮೀನಿನ ನಾತ! ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಕಣ್ಣು ಮುಚ್ಚಲಿಲ್ಲ.

ಇಪ್ಪತ್ತೈದು ನಿಮಿಷ ಅವು ಅಲ್ಲೇ ಇದ್ದವು. ಅಷ್ಟು ಹೊತ್ತೂ ನಾವು ಅಲ್ಲಾಡಲಿಲ್ಲ. ಕಾಯುತ್ತಿದ್ದ ಮತ್ತೊಂದು ಬೋಟಿಗೆ ನಮ್ಮ ಕ್ಯಾಪ್ಟನ್ನು ವೈರ್‌ಲೆಸ್ಸಿನಲ್ಲಿ ಏನೋ ಹೇಳಿದ. ಕೆಳಗೆ ತಿಮಿಂಗಿಲವಿದೆ, ಪ್ರೊಪೆಲ್ಲರ್ ತಿರುಗಿಸುವಂತಿಲ್ಲ ಎಂದು ಇರಬೇಕು. ಧಕ್ಕೆಗೆ ಮರಳುವುದು ತಡವಾಗುತ್ತದೆ ಎಂದು ಹುಡುಗಿ ಕ್ಷಮೆ ಕೇಳಿದಳು. ಯಾರೂ ಗೊಣಗಲಿಲ್ಲ. ಆಮೇಲೆ ತಾಯಿ ಬಾಲವೆತ್ತಿ ಆಳಕ್ಕೆ ಇಳಿಯಿತು, ಮರಿಯೂ ಇಳಿಯಿತು. ಅವು ದೂರದಲ್ಲಿ ಮತ್ತೆ ಎದ್ದು ಉಸಿರಾಡಿದ್ದು ಕಂಡ ಮೇಲೆಯೇ ಎಂಜಿನ್ನು ಶುರುವಾಯಿತು.

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಕಣ್ಣ ಮುಂದೆ ಕಾರವಾರದ ಸಮುದ್ರವಿತ್ತು.

ಅದು 1994ರ ಜನವರಿ. ಕಾರವಾರದ ಎದುರಿಗಿರುವ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಂದು ಸಲ ಪುಷ್ಯದ ಹುಣ್ಣಿಮೆಗೆ ಊರಿಗೆ ಊರೇ ದೋಣಿ ಹತ್ತಿ ಅಲ್ಲಿಗೆ ಹೋಗುತ್ತದೆ. ನಾವೂ ಹೋಗಿದ್ದೆವು. ಮಗನಿಗೆ ಆಗ ಏಳು ವರ್ಷ. ಹಿಂದಿರುಗುವಾಗ ದೋಣಿಯಲ್ಲಿ ಪ್ರಸಾದದ ಬಾಳೆಹಣ್ಣು, ಮಕ್ಕಳು, ಗಲಾಟೆ. ಅರ್ಧ ದಾರಿಯಲ್ಲಿ ಡಾಲ್ಫಿನ್‌ಗಳು ಕಂಡವು. ಕಾರವಾರದ ಸುತ್ತ ಅವು ಅಪರೂಪವೇನಲ್ಲ. ಬೆನ್ನ ಮೇಲೆ ಸಣ್ಣ ದಿಬ್ಬವಿರುವ ಜಾತಿ, ದಂಡೆಗೆ ಹತ್ತಿರದಲ್ಲೇ ಇರುತ್ತವೆ. ತಿಮಿಂಗಿಲದ ಕಿರಿಯ ಬಂಧುಗಳೇ. ಮಗ 'ಅಪ್ಪ, ಅಲ್ಲಿ!' ಎಂದು ಕುಣಿದ. ನಾನು ದೋಣಿ ನಡೆಸುವ ಹಿರಿಯನಿಗೆ 'ಹತ್ತಿರ ಬಿಡು' ಎಂದೆ.

'ಬೆನ್ನು ಹತ್ತಬಾರ್ದು ಮಾಸ್ತರ್ರೆ. ಸುಮ್ನೆ ಇದ್ರೆ ಅವೇ ಬರ್ತವೆ' ಎಂದ ಆತ.

ನಾನು ಜೇಬಿನಿಂದ ಇಪ್ಪತ್ತು ರೂಪಾಯಿ ತೆಗೆದು ಅವನ ಕೈಗೆ ತುರುಕಿದೆ. 'ಮಗ ನೋಡ್ಲಿ, ಸ್ವಲ್ಪ ಹತ್ತಿರ ಹೋಗು.' ಇಪ್ಪತ್ತು ರೂಪಾಯಿಗೆ ಆಗ ಬೆಲೆಯಿತ್ತು. ಆತ ಒಂದು ಗಳಿಗೆ ನನ್ನ ಮುಖ ನೋಡಿ ಎಂಜಿನ್ನು ಜೋರು ಮಾಡಿದ. ನಮ್ಮನ್ನು ಕಂಡು ಇನ್ನೆರಡು ದೋಣಿಗಳೂ ತಿರುಗಿದವು. ಮೂರು ಕಡೆಯಿಂದ ಸುತ್ತುವರಿದೆವು. ಆ ಗುಂಪಿನಲ್ಲಿ ಒಂದು ಮರಿಯಿತ್ತು, ತಾಯಿಯ ಪಕ್ಕೆಗೇ ಅಂಟಿಕೊಂಡಿತ್ತು. ಅವು ಮುಳುಗಿ ಎದ್ದಲ್ಲಿಗೆ ನಾವು ಹೋದೆವು, ಮತ್ತೆ ಮುಳುಗಿದವು, ಮತ್ತೆ ಹೋದೆವು. ಹುಡುಗರು ಚಪ್ಪಾಳೆ ತಟ್ಟಿದರು, ಬಾಳೆಹಣ್ಣು ಎಸೆದರು. ಒಂದು ಸಲ ಎದ್ದಾಗ ಮರಿ ನಮ್ಮ ದೋಣಿಯ ಈ ಕಡೆ ಇತ್ತು, ಉಳಿದವೆಲ್ಲ ಆ ಕಡೆ. ಗಬಗಬನೆ ಎರಡು ಮೂರು ಸಲ ಉಸಿರಾಡಿ ಅದು ಮತ್ತೆ ಮುಳುಗಿತು. ಆಮೇಲೆ ಏನೂ ಕಾಣಲಿಲ್ಲ.

'ಅಪ್ಪ, ಅದರ ಆಯಿ ಎಲ್ಲಿ?' ಎಂದು ಮಗ ಕೇಳಿದ.

'ಸಿಕ್ತದೆ ಬಿಡು' ಎಂದೆ. ಸಿಕ್ಕಿತೋ ಇಲ್ಲವೋ ಯಾರು ಕಂಡವರು? ನಾವು ಮನೆಗೆ ಹೋಗಿ ಊಟ ಮಾಡಿದೆವು.

ಆ ಪ್ರಶ್ನೆಯನ್ನು ನಾನು ಮರೆತೇಬಿಟ್ಟಿದ್ದೆ ಎಂದುಕೊಂಡಿದ್ದೆ. ಮೂವತ್ತು ವರ್ಷದ ನಂತರ, ಏಳು ಸಮುದ್ರದಾಚೆ, ಎಂಜಿನ್ನು ನಿಲ್ಲಿಸಿ ಕೂತ ಬೋಟಿನಲ್ಲಿ ಅದು ಎದ್ದು ಬಂತು.

ಮಗನ ಮನೆಯಲ್ಲಿ ಉಳಿದ ದಿನಗಳಲ್ಲಿ ಮೊಮ್ಮಗಳ ಸಹಾಯದಿಂದ ಈ ವಿಷಯವನ್ನೇ ಓದಿದೆ. ಒಂದು ಬೋಟು ಹತ್ತಿರ ಹೋದರೆ ಅಷ್ಟು ದೊಡ್ಡ ಪ್ರಾಣಿಗೆ ಏನಾದೀತು ಎಂಬುದು ನನ್ನ ಸಂಶಯ. ಉತ್ತರ ಸಿಕ್ಕಿದ್ದು ಅವುಗಳ ಊಟದ ಲೆಕ್ಕದಲ್ಲಿ. ಈ ಗೂನುಬೆನ್ನಿನವು ಚಳಿಗಾಲದಲ್ಲಿ ಸುಮಾರು ಎರಡೂವರೆ ಸಾವಿರ ಕಿ.ಮೀ. ದಕ್ಷಿಣಕ್ಕೆ, ಕೆರಿಬಿಯನ್ ಸಮುದ್ರದ ಬೆಚ್ಚನೆಯ ನೀರಿಗೆ ಹೋಗುತ್ತವೆ. ಮರಿ ಹಾಕುವುದು ಅಲ್ಲಿ. ಅಲ್ಲಿ ಅವಕ್ಕೆ ಹೆಚ್ಚುಕಡಿಮೆ ಉಪವಾಸ. ಬೇಸಿಗೆಯಲ್ಲಿ ಇಲ್ಲಿ ತಿಂದು ಸೇರಿಸಿಟ್ಟ ಕೊಬ್ಬಿನಲ್ಲೇ ತಾನೂ ಬದುಕಬೇಕು, ಮರಿಗೂ ಹಾಲೂಡಬೇಕು, ಮತ್ತೆ ಅಷ್ಟು ದೂರ ಈಜಿ ಬರಬೇಕು. ಮಳೆಗಾಲಕ್ಕೆ ಮೊದಲೇ ಅಕ್ಕಿ, ಸೌದೆ, ಉಪ್ಪಿನಕಾಯಿ ಕೂಡಿಡುತ್ತಿದ್ದ ನಮ್ಮ ಮನೆಗಳ ಹಾಗೆ. ಮೇಯುವ ಹೊತ್ತಿನಲ್ಲಿ ನಾವು ಅಟ್ಟಿದರೆ ಅವತ್ತಿನ ಒಂದು ತುತ್ತು ಹೋಗುತ್ತದೆ. ಒಂದು ಬೋಟಿಗೆ ಒಂದು ತುತ್ತು. ಬೇಸಿಗೆಯಿಡೀ, ದಿನಕ್ಕೆ ಹಲವು ಬೋಟು ಎಂದಾದರೆ?

ಇನ್ನೊಂದು ಸದ್ದಿನ ವಿಷಯ. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ, ಬಹಳ ದೂರ ಸಾಗುತ್ತದೆ. ಕಣ್ಣು ದೂರ ಕಾಣದ ನೀರಿನೊಳಗೆ ತಿಮಿಂಗಿಲಗಳ ಬದುಕೆಲ್ಲ ಕಿವಿಯ ಮೇಲೆಯೇ. ಅಲ್ಲಿ ನಮ್ಮ ಎಂಜಿನ್ನು ಅವುಗಳ ಅಡುಗೆಮನೆಯಲ್ಲಿಟ್ಟ ಹಿಟ್ಟಿನ ಗಿರಣಿ. 2001ರ ಸೆಪ್ಟೆಂಬರ್ 11ರ ದುರಂತದ ನಂತರ ಕೆಲವು ದಿನ ಈ ಕರಾವಳಿಯಲ್ಲಿ ಹಡಗುಗಳ ಓಡಾಟ ಕಡಿಮೆಯಾಗಿತ್ತು. ಆಗ ಕೆನಡಾದ ಫಂಡಿ ಕೊಲ್ಲಿಯಲ್ಲಿ ಸಮುದ್ರದೊಳಗಿನ ಸದ್ದು 6 ಡೆಸಿಬೆಲ್ ಇಳಿಯಿತು. ಅದೇ ಹೊತ್ತಿಗೆ ಅಲ್ಲಿ 'ರೈಟ್ ವೇಲ್' ಎಂಬ ತಿಮಿಂಗಿಲಗಳ ಲದ್ದಿಯನ್ನು ಸಂಗ್ರಹಿಸುತ್ತಿದ್ದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದರೆ, ಒತ್ತಡದ ಹಾರ್ಮೋನು ಕೂಡ ಇಳಿದಿತ್ತು! ನಾವು ಬೋಟು ಹತ್ತಿದ ಧಕ್ಕೆಯ ಪಕ್ಕದ ಅಕ್ವೇರಿಯಂನ ರೊಸಾಲಿಂಡ್ ರೋಲಂಡ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಪ್ರಕಟಿಸಿದರು. ಇಡೀ ಜಗತ್ತು ಗಾಬರಿಯಲ್ಲಿದ್ದ ಆ ದಿನಗಳಲ್ಲಿ ತಿಮಿಂಗಿಲಗಳಿಗೆ ಮಾತ್ರ ಸ್ವಲ್ಪ ನೆಮ್ಮದಿ ಸಿಕ್ಕಿತ್ತೆಂದು ಓದಿ ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದಳು.

ಈ ರೈಟ್ ವೇಲ್‌ನ ಹೆಸರಿನ ಕತೆಯೂ ಅವಳಿಗೆ ಹಿಡಿಸಲಿಲ್ಲ. ನಿಧಾನವಾಗಿ ಈಜುತ್ತದೆ, ಕೊಂದ ಮೇಲೆ ಮುಳುಗದೆ ತೇಲುತ್ತದೆ, ಆದ್ದರಿಂದ ಬೇಟೆಗೆ 'ಸರಿಯಾದ' ತಿಮಿಂಗಿಲ ಎಂದು ಬೇಟೆಗಾರರು ಹಾಗೆ ಕರೆದರಂತೆ. ಬಾಸ್ಟನ್ನಿನ ದಕ್ಷಿಣಕ್ಕಿರುವ ನ್ಯೂ ಬೆಡ್‌ಫರ್ಡ್, ನಾಂಟಕೆಟ್‌ಗಳು ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯಿಂದಲೇ ಶ್ರೀಮಂತವಾದ ಊರುಗಳು. ಅದರ ಎಣ್ಣೆಯಿಂದ ದೀಪ ಉರಿಯುತ್ತಿತ್ತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ನಿರ್ಧರಿಸಿ 1986ರಿಂದ ವ್ಯಾಪಾರದ ಬೇಟೆಗೆ ತಡೆ ಹಾಕಿತು. ಅಟ್ಲಾಂಟಿಕ್‌ನ ಉತ್ತರದಲ್ಲಿ ಈಗ ಉಳಿದಿರುವ ರೈಟ್ ವೇಲ್‌ಗಳು ನಾನೂರಕ್ಕೂ ಕಡಿಮೆ. ಅದರ 500 ಗಜದೊಳಗೆ ಹೋಗುವುದು 1997ರಿಂದ ಅಲ್ಲಿ ಕಾನೂನಿನ ಪ್ರಕಾರವೇ ಅಪರಾಧ. 'ನಿಮ್ಮ ತಿಮಿಂಗಿಲಗಿಲ ಅಂದ್ರೆ ಬೇರೆ ಯಾವ್ದೂ ಅಲ್ಲ, ಮನುಷ್ಯನೇ' ಎಂದಳು ಹೆಂಡತಿ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಹೊಳೆಯದ ಅರ್ಥ!

ಹಾಗೆಂದು ಅಮೆರಿಕದವರೆಲ್ಲ ಧರ್ಮರಾಯರು ಎಂದು ನಾನು ಹೇಳಹೊರಟಿಲ್ಲ. ಮಗ ಹೇಳಿದ ವೇಗದ ಮಿತಿ, ಸರದಿಯ ಕ್ರಮಗಳೆಲ್ಲ ಸ್ವಯಂಪ್ರೇರಣೆಯಿಂದ ಪಾಲಿಸಬೇಕಾದವು, ಕಾನೂನಲ್ಲ. 2003 ಮತ್ತು 2004ರಲ್ಲಿ ಸಂಶೋಧಕರು ಮಾಮೂಲಿ ಪ್ರವಾಸಿಗಳ ಹಾಗೆ ಟಿಕೀಟು ಪಡೆದು, ಇಂಥ 46 ಪ್ರಯಾಣಗಳಲ್ಲಿ ಗುಟ್ಟಾಗಿ ಬೋಟಿನ ವೇಗ ಅಳೆದರು. ಫಲಿತಾಂಶ 2008ರಲ್ಲಿ ಹೊರಬಂತು. ವೇಗದ ಮಿತಿಯನ್ನು ಬಹುಪಾಲು ಮುರಿಯುತ್ತಿದ್ದರು! ಮರುವರ್ಷವೇ, 2009ರಲ್ಲಿ, 'ವೇಲ್ ಸೆನ್ಸ್' ಎಂಬ ಯೋಜನೆ ಶುರುವಾಯಿತು. ಸೇರಿದ ಬೋಟಿನವರು ತರಬೇತಿ ಪಡೆಯಬೇಕು, ನಿಯಮ ಪಾಲಿಸಬೇಕು, ಅದನ್ನು ಆಗಾಗ ಪರೀಕ್ಷಿಸುತ್ತಾರೆ. ಅಂಥ ಬೋಟನ್ನೇ ಹುಡುಕಿ ಹತ್ತುವುದು ಪ್ರವಾಸಿಯ ಕೆಲಸ. ಮಗ ಹಾಗೆ ಹುಡುಕಿಯೇ ಟಿಕೀಟು ತೆಗೆಸಿದ್ದನಂತೆ. ನಾನು ಬೆಲೆಯನ್ನಷ್ಟೇ ನೋಡಿದ್ದೆ.

ಸರಿಯಾಗಿ ನೋಡಿದರೆ ನೋಡುವುದರಿಂದಲೂ ಉಪಕಾರವಿದೆ. ಮೈಕಿನ ಹುಡುಗಿ ಪುಸ್ತಕದಲ್ಲಿ ಬರೆಯುತ್ತಿದ್ದಳೆಂದೆನಲ್ಲ, ಆ ಬರಹ ಸುಮ್ಮನೆ ಅಲ್ಲ. ಗೂನುಬೆನ್ನಿನ ತಿಮಿಂಗಿಲದ ಬಾಲದ ಅಡಿಭಾಗದ ಕಪ್ಪುಬಿಳುಪು ಗುರುತು ಒಂದರ ಹಾಗೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಅದನ್ನು ನೋಡಿ ಒಂದೊಂದಕ್ಕೂ ಹೆಸರಿಡುತ್ತಾರೆ. 1970ರ ದಶಕದಲ್ಲಿ ಹೀಗೆ ಮೊದಲು ಹೆಸರು ಪಡೆದವಳು 'ಸಾಲ್ಟ್', ಎಂದರೆ ಉಪ್ಪು. ಬೆನ್ನಿನ ರೆಕ್ಕೆಯ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿಯ ಕಲೆಗಳಿದ್ದವು. ಅವಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ವಂಶಾವಳಿಯನ್ನೇ ಬರೆದಿಟ್ಟಿದ್ದಾರೆ. ಹೀಗೆ ತಿಮಿಂಗಿಲ ನೋಡುವ ಬೋಟುಗಳಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬರೆದ ಲೆಕ್ಕವನ್ನು ನಕ್ಷೆಯ ಮೇಲೆ ಇಟ್ಟು ನೋಡಿದಾಗ, ಬಾಸ್ಟನ್ ಬಂದರಿಗೆ ಬರುವ ದೊಡ್ಡ ಹಡಗುಗಳ ದಾರಿ ತಿಮಿಂಗಿಲಗಳು ಹೆಚ್ಚಿರುವ ಜಾಗದ ಮೇಲೆಯೇ ಹಾದುಹೋಗುತ್ತಿದೆ ಎಂದು ಗೊತ್ತಾಯಿತು. 2007ರಲ್ಲಿ ಆ ದಾರಿಯನ್ನೇ ಸ್ವಲ್ಪ ಉತ್ತರಕ್ಕೆ ಸರಿಸಿದರು. ನೋಡಲು ಬಂದವರಿಂದಾಗಿ ಹಡಗುಗಳು ಬದಿಗೆ ಸರಿದವು.

ಬೋಟು ಇಳಿದು ಮನೆಗೆ ಹೋಗುವ ಕಾರಿನಲ್ಲೇ ನಾನು ಮಗನಿಗೆ ಕೂರ್ಮಗಡದ ಕತೆ ತೆಗೆದೆ. 'ನಿನಗೆ ನೆನಪಿದೆಯೇನೋ? ಅವತ್ತು ನಾನು ಮಾಡಿದ್ದು ತಪ್ಪು' ಎಂದೆ. ಅಪ್ಪನಾದವನಿಗೆ ಮಗನೆದುರು ಈ ಮಾತು ಸುಲಭವಲ್ಲ. ಗಂಟಲು ಕಟ್ಟಿತ್ತು.

ಮಗ ಸ್ವಲ್ಪ ಹೊತ್ತು ಯೋಚಿಸಿದ. 'ಜಾತ್ರೆ ನೆನಪಿದೆ ಅಪ್ಪ. ಬಾಳೆಹಣ್ಣು ಬಹಳ ತಿಂದು ದೋಣಿಯಲ್ಲಿ ವಾಂತಿ ಮಾಡಿದ್ದೆ. ಡಾಲ್ಫಿನ್ ಕಂಡಿತ್ತಾ ಅವತ್ತು?'

ಯಾರಿಗೆ ತೋರಿಸಬೇಕೆಂದು ಇಪ್ಪತ್ತು ರೂಪಾಯಿ ಕೊಟ್ಟು ಬೆನ್ನಟ್ಟಿಸಿದ್ದೆನೋ ಅವನಿಗೇ ಅದು ನೆನಪಿಲ್ಲ! ಮೊಮ್ಮಗಳು ಮಾತ್ರ ಹಿಂದಿನ ಸೀಟಿನಿಂದ ಕೇಳಿದಳು: 'ಆಮೇಲೆ ಆ ಬೇಬಿಗೆ ಅಮ್ಮ ಸಿಕ್ಕಿತಾ, ಅಜ್ಜ?' ಈ ಸಲ ನಾನು 'ಸಿಕ್ತದೆ ಬಿಡು' ಎನ್ನಲಿಲ್ಲ. ಗೊತ್ತಿಲ್ಲ ಮಗೂ ಎಂದೆ.

ಊರಿಗೆ ಮರಳಿದ ಮೇಲೆ, ಮಳೆಗಾಲ ಕಳೆದು ಸಮುದ್ರ ತಿಳಿಯಾದಾಗ ಕಾರವಾರಕ್ಕೆ ಹೋದೆ. ಈಗ ಅಲ್ಲಿ ಡಾಲ್ಫಿನ್ ತೋರಿಸುವ ಬೋಟುಗಳಿವೆ. ಹೊರ ಊರಿನಿಂದ ವಾರದ ಕೊನೆಗೆ ಜನ ಬರುತ್ತಾರೆ. ಅಮೆರಿಕದ ಸಾಗರ ಸಸ್ತನಿಗಳ ಕಾಯ್ದೆ ಬಂದದ್ದು 1972ರಲ್ಲಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಕಾಯ್ದೆ ನಮ್ಮಲ್ಲೂ ಇದೆ, ಇಲ್ಲವೆನ್ನುವಂತಿಲ್ಲ. ಅವತ್ತಿನ ಆ ಹಿರಿಯ ದೋಣಿಯವ ಈಗಿಲ್ಲ. ಸಿಕ್ಕಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ. ಅವನಿಗೆ ಹೇಳಿದೆ: 'ಅವು ಕಂಡ ಕೂಡಲೇ ಎಂಜಿನ್ ನಿಲ್ಲಿಸು. ಹತ್ತಿರ ಹೋಗೂದು ಬೇಡ. ಕಾಣದೇ ಇದ್ರೂ ಪೂರ್ತಿ ದುಡ್ಡು ಕೊಡ್ತೆ.'

ಅವನು ನಕ್ಕ. 'ಇಂಥ ಗಿರಾಕಿ ನೀವೇ ಮೊದಲು ಮಾಸ್ತರ್ರೆ. ನಮ್ಮ ಅಜ್ಜನೂ ಇದನ್ನೇ ಹೇಳ್ತಿದ್ದ, ಬೆನ್ನು ಹತ್ತಬೇಡ, ಅವೇ ಬರ್ತವೆ ಅಂತ. ಆದ್ರೆ ಬಂದವ್ರು ಕೇಳ್ಬೇಕಲ್ಲ. ಮೊಬೈಲು ಹಿಡ್ಕಂಡು, ಹತ್ತಿರ ಹೋಗು, ಇನ್ನೂ ಹತ್ತಿರ ಹೋಗು ಅಂತಾರೆ. ಹೋಗದಿದ್ರೆ ಪಕ್ಕದ ಬೋಟಿಗೆ ಹೋಗ್ತಾರೆ.'

ನಿಯಮ ಬರೆದವರು ಬಾಸ್ಟನ್ನಿನವರಿರಬಹುದು. ಆದರೆ ಆ ತಿಳಿವಳಿಕೆ ನಮ್ಮ ಕಾರವಾರದ ದೋಣಿಯಲ್ಲಿ ಮೊದಲೇ ಇತ್ತು. ಅದನ್ನು ಇಪ್ಪತ್ತು ರೂಪಾಯಿಗೆ ಕೆಡಿಸಿದವನು ಓದಿದವನಾದ ನಾನು. ಬೋಟು ಎಷ್ಟು ಹತ್ತಿರ ಹೋಗಬೇಕೆಂದು ತೀರ್ಮಾನಿಸುವವನು ಚುಕ್ಕಾಣಿ ಹಿಡಿದವನಲ್ಲ, ದುಡ್ಡು ಕೊಟ್ಟು ಕೂತವನು.

ಎಂಜಿನ್ನು ನಿಲ್ಲಿಸಿ ಮುಕ್ಕಾಲು ಗಂಟೆ ಕೂತೆವು. ಕೂರ್ಮಗಡದ ಕಡೆಯಿಂದ ತಣ್ಣನೆಯ ಗಾಳಿ. ಬಹಳ ದೂರದಲ್ಲಿ ಎರಡು ಬೆನ್ನುಗಳು ಎದ್ದವು, ಅವುಗಳ ನಡುವೆ ಒಂದು ಚಿಕ್ಕದು ಇದ್ದ ಹಾಗಿತ್ತು. ನನ್ನ ಕಣ್ಣಿಗೆ ಪೊರೆ ಬರುತ್ತಿದೆ, ಖಚಿತವಾಗಿ ಹೇಳಲಾರೆ. ಅವು ನಮ್ಮ ಕಡೆಗೆ ಬರಲಿಲ್ಲ. ತಮ್ಮ ದಾರಿ ಹಿಡಿದು ದೇವಗಡದ ಕಡೆ ಹೋದವು. ಹುಡುಗನೂ ನಾನೂ ನೋಡುತ್ತ ಕೂತೆವು.

ದಂಡೆಗೆ ಬಂದು ದುಡ್ಡು ಕೊಡುವಾಗ ಅವನು ಹೇಳಿದ: 'ನೀವು ಒಬ್ರು ಹೇಳಿದ್ರೆ ಸಾಲೂದಿಲ್ಲ ಮಾಸ್ತರ್ರೆ. ನಾಳೆ ಹತ್ತುವವ್ರೂ ಹೇಳ್ಬೇಕು.'

ಅದಕ್ಕೇ ಇದನ್ನು ಬರೆದೆ.